ಎದುರಿಗೆ ಸಿಕ್ಕಾಗ ‘ಪಾದ್ರಿ’ ಅನ್ನಬಹುದಾ?

ಹಾಗೆ ಅಂದರೆ ಯಾರೂ ಬೈಯುವುದಿಲ್ಲ, ಆದರೆ ಕಿವಿಗೆ ಸ್ವಲ್ಪ ಒರಟು. ನಿಮ್ಮ ಗೆಳೆಯನ ಮದುವೆ ಮಂಗಳೂರಿನ ಕಥೊಲಿಕ ಚರ್ಚಿನಲ್ಲಿ ಅಂದಿದ್ದೀರಿ. ಅಲ್ಲಿ ‘ಫಾದರ್’ ಅನ್ನಿ, ಸಾಕು. ನಾನೂ ಅದೇ ಊರಿನ ಕಥೊಲಿಕ ಮನೆಯವಳು.

‘ಪಾದ್ರಿ’ ಬಂದದ್ದು ಪೋರ್ಚುಗೀಸರ ‘ಪಾದ್ರೆ’ಯಿಂದ. ಅದರ ಅರ್ಥವೂ ಅಪ್ಪ ಅಂತಲೇ. ಹಾಗಾಗಿ ಅರ್ಥ ನೋಡಿದರೆ ಪಾದ್ರಿ, ಫಾದರ್ ಎರಡೂ ಒಂದೇ. ಬಳಕೆ ಮಾತ್ರ ಬೇರೆ. ‘ಚರ್ಚಿಗೆ ಹೊಸ ಪಾದ್ರಿ ಬಂದಿದ್ದಾರಂತೆ’ ಅಂತ ನಮ್ಮನಮ್ಮಲ್ಲಿ ಮಾತಾಡಿಕೊಳ್ಳುತ್ತೇವೆ, ಅವರು ಎದುರಾದರೆ ಹಾಗೆ ಕರೆಯುವುದಿಲ್ಲ. ದೇವಸ್ಥಾನದಲ್ಲಿ ‘ಭಟ್ರೇ’ ಅಂತೀವಿ, ‘ಅರ್ಚಕರೇ’ ಅಂತ ಕೂಗ್ತೀವಾ? ಕೊಂಕಣಿಯಲ್ಲಿ ಮಾತ್ರ ಅದೇ ಪದ ‘ಪಾದ್ರ್ಯಾಬ್’ ಆಗಿ ಗೌರವ ಗಳಿಸಿಕೊಂಡಿದೆ. ನಮ್ಮ ಹಿರಿಯರು ಎದುರಿಗೂ ಹಾಗೇ ಕರೆಯುತ್ತಾರೆ.

‘ಪಾಸ್ಟರ್’ ಕ್ರೈಸ್ತರ ಇನ್ನೊಂದು ಪಂಗಡವಾದ ಪ್ರೊಟೆಸ್ಟೆಂಟರ ಕಡೆಯ ಮಾತು. ಕನ್ನಡದಲ್ಲಿ ಅವರು ‘ಸಭಾಪಾಲಕರು’ ಅಂತಲೂ ಬರೆಯುತ್ತಾರೆ. ಮಂಗಳೂರಿನ ಕಂಕನಾಡಿಯ ಆಸ್ಪತ್ರೆಯ ಹೆಸರಿನಲ್ಲಿರುವ ಫಾದರ್ ಮುಲ್ಲರ್ ಜರ್ಮನಿಯವರು, ಜೆಸ್ವಿಟ್ ಎಂಬ ಕಥೊಲಿಕ ಸಂಸ್ಥೆಯವರು, ಮದುವೆಯಾಗದವರು. 1894ರಲ್ಲಿ ಕನ್ನಡ ನಿಘಂಟು ತಂದ ಕಿಟೆಲ್ ಕೂಡ ಜರ್ಮನಿಯವರೇ. ಆದರೆ ಪ್ರೊಟೆಸ್ಟೆಂಟರ ಬಾಸೆಲ್ ಮಿಶನ್ನಿನವರು, ಹೆಂಡತಿ ಮಕ್ಕಳಿದ್ದ ಸಂಸಾರಸ್ಥರು. ಅವರನ್ನು ‘ರೆವರೆಂಡ್ ಕಿಟೆಲ್’ ಅಂತೀವಿ, ‘ಫಾದರ್ ಕಿಟೆಲ್’ ಅಂದರೆ ತಪ್ಪಾಗುತ್ತದೆ. ಹೊರಗಿನವರಿಗೆ ಮಾತ್ರ ಇಬ್ಬರೂ ಪಾದ್ರಿಗಳೇ! ಆ ಪದಕ್ಕೆ ಈ ಒಳಜಗಳವೆಲ್ಲ ಗೊತ್ತಿಲ್ಲ.

ಶುಭಾಶಯದ ಬ್ಯಾನರ್ ಮಾಡಿಸುತ್ತೇವೆ, ಏನಂತ ಹಾಕಿಸಲಿ ಅಂತಲೂ ಕೇಳಿದ್ದೀರಿ. ಬರಹದಲ್ಲಿ ‘ಧರ್ಮಗುರು’ ಚೆನ್ನಾಗಿರುತ್ತದೆ. ಹೆಸರಿನ ಮುಂದೆ ‘ವಂ| ಫಾ|’ ಹಾಕಿಸಿ, ವಂದನೀಯ ಫಾದರ್ ಅಂತ. ಮಂಗಳೂರಿನ ಪತ್ರಿಕೆಗಳಲ್ಲಿ ಈ ಗೆರೆ ದಿನಾ ಕಾಣುತ್ತದೆ. ಬಿಷಪ್ ಬರುತ್ತಾರಾದರೆ ‘ಅ|ವಂ|’, ಅಂದರೆ ಅತಿ ವಂದನೀಯ. ಎರಡನ್ನೂ ಅದಲುಬದಲು ಮಾಡಿದರೆ ಬಿಷಪ್ ಸುಮ್ನೆ ನಕ್ಕುಬಿಡಬಹುದು, ಹುಡುಗಿಯ ಕಡೆಯವರು ಬಿಡಲ್ಲ.

ಇನ್ನೊಂದು ವಿಷಯ. ಬಿಳಿ ನಿಲುವಂಗಿ ಹಾಕಿದವರೆಲ್ಲ ಫಾದರ್ ಅಲ್ಲ. ಫಾದರ್ ಆಗಲು ಸೆಮಿನರಿಯಲ್ಲಿ ಓದುತ್ತಿರುವ ಹುಡುಗರೂ ಹಾಕಿಕೊಂಡಿರುತ್ತಾರೆ, ಅವರು ‘ಬ್ರದರ್’. ಗೊತ್ತಾಗದಿದ್ದರೆ ಪಕ್ಕದ ಬೆಂಚಿನವರನ್ನು ಮೆಲ್ಲಗೆ ಕೇಳಿ, ಹೇಳುತ್ತಾರೆ.