ಎಟಿಪಿ7ಎ ಕಂಡು ಹೆದರಬೇಡಿ, ಎಟಿಪಿ7ಬಿ ಸಾಲು ನೋಡಿ

ನಿಮ್ಮ ಗಂಡು ಲ್ಯಾಬ್ರಡಾರ್ ಮರಿಯ ಡಿಎನ್‌ಎ ರಿಪೋರ್ಟಿನಲ್ಲಿ ಎಟಿಪಿ7ಎ ಅನ್ನೋ ಜೀನಿನಲ್ಲಿ ಬದಲಾವಣೆ ಇದೆ ಅಂತ ಬಂದಿದೆ, ಲಿವರ್ ಹಾಳಾಗುತ್ತಾ ಅಂತ ಕೇಳಿದ್ದೀರಿ. ಇಲ್ಲ. ಇದರಿಂದ ಕಾಯಿಲೆ ಬರುವುದಿಲ್ಲ. ನಿಜ ಹೇಳಬೇಕೆಂದರೆ ಇದು ಮರಿಯ ಪರವಾಗಿಯೇ ಇದೆ.

ಊಟದಲ್ಲಿನ ತಾಮ್ರವನ್ನು ಕರುಳಿನಿಂದ ರಕ್ತಕ್ಕೆ ದಾಟಿಸುವುದು ಎಟಿಪಿ7ಎ. ಲಿವರಿನಲ್ಲಿ ಜಾಸ್ತಿಯಾದದ್ದನ್ನು ಪಿತ್ತರಸಕ್ಕೆ ತಳ್ಳುವುದು ಎಟಿಪಿ7ಬಿ. ಒಂದು ಒಳಬಾಗಿಲು, ಇನ್ನೊಂದು ಹೊರಬಾಗಿಲು. ಹೊರಬಾಗಿಲು ಸರಿಯಾಗಿ ತೆರೆಯದಿದ್ದರೆ ತಾಮ್ರ ಲಿವರಿನಲ್ಲೇ ಕೂತು ಅದನ್ನು ಹಾಳುಮಾಡುತ್ತದೆ. ನಿಮ್ಮ ಮರಿಯಲ್ಲಿರುವಂಥ ಬದಲಾವಣೆ ಇದ್ದರೆ ಲಿವರಿನಲ್ಲಿ ತಾಮ್ರ ಸೇರುವುದು ಕಡಿಮೆ ಎಂದು ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದ ತಂಡ 2016ರಲ್ಲಿ ತೋರಿಸಿತು.

ನೀವು ನೆಟ್‌ನಲ್ಲಿ ಹುಡುಕಿ ಮೆಂಕಿಸ್ ಕಾಯಿಲೆ ಬಗ್ಗೆ ಓದಿರಬೇಕು, ಅಲ್ವಾ? ಅದು ಮನುಷ್ಯರ ಮಕ್ಕಳಲ್ಲಿ ಇದೇ ಜೀನ್ ಕೆಟ್ಟಾಗ ಬರುವ ತಾಮ್ರದ ಕೊರತೆಯ ಕಾಯಿಲೆ. ಇಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿದೆ, ಕೆಲಸ ನಿಂತಿಲ್ಲ. ಬೆಡ್ಲಿಂಗ್ಟನ್ ಟೆರಿಯರ್ ತಳಿಯ ನಾಯಿಗಳ ಲಿವರಿನಲ್ಲಿ ತಾಮ್ರ ತುಂಬುವ ಕಥೆಗಳನ್ನೂ ಪಕ್ಕಕ್ಕಿಡಿ, ಅಲ್ಲಿ ಜೀನೇ ಬೇರೆ.

ಎಟಿಪಿ7ಎ ಜೀನ್ ಎಕ್ಸ್ ಕ್ರೋಮೋಸೋಮಿನ ಮೇಲಿದೆ. ಗಂಡಿಗೆ ಎಕ್ಸ್ ಒಂದೇ, ಅದೂ ತಾಯಿಯಿಂದ. ಹಾಗಾಗಿ ಮರಿಯ ಅಪ್ಪನ ರಿಪೋರ್ಟ್ ಈ ವಿಷಯಕ್ಕೆ ಬೇಕಿಲ್ಲ.

ಈಗ ಎಟಿಪಿ7ಬಿ ಸಾಲು ನೋಡಿ. ಅಲ್ಲಿ ಬದಲಾದ ಜೀನಿನ ಒಂದೋ ಎರಡೋ ಕಾಪಿ ಇದ್ದರೆ ಸ್ವಲ್ಪ ಎಚ್ಚರ ಬೇಕು. ಹಾಗಂತ ಕಾಯಿಲೆ ಬಂದೇ ಬರುತ್ತದೆ ಅಂತಲ್ಲ. ನಮ್ಮ ಹೆಣ್ಣು ಲ್ಯಾಬ್‌ಗೆ ಒಂದು ಕಾಪಿ ಇದೆ. ವರ್ಷಕ್ಕೊಮ್ಮೆ ಡಾಕ್ಟರು ಮುಂಗಾಲಿನಿಂದ ರಕ್ತ ತೆಗೆದು, ಲಿವರಿಗೆ ಪೆಟ್ಟಾದರೆ ಏರುವ ಕಿಣ್ವ ಎಎಲ್‌ಟಿ ನೋಡುತ್ತಾರೆ, ಅವಳು ಅಷ್ಟು ಹೊತ್ತೂ ಅವರ ಜೇಬು ಮೂಸುತ್ತಿರುತ್ತಾಳೆ. ಎಎಲ್‌ಟಿ ಏರಿದರೆ ಮುಂದಿನ ಮಾತು. ರಕ್ತದ ತಾಮ್ರ ನೋಡಿ ಲಿವರಿನ ಸ್ಥಿತಿ ತಿಳಿಯುವುದಿಲ್ಲ. ಖಚಿತವಾಗಬೇಕಾದರೆ ಲಿವರಿನ ಚೂರು ತೆಗೆದು ಬಯಾಪ್ಸಿ ಮಾಡಬೇಕು. ಅದರಲ್ಲಿನ ತಾಮ್ರ ಒಣತೂಕದ ಗ್ರಾಮಿಗೆ 400 ಮೈಕ್ರೋಗ್ರಾಮಿನ ಒಳಗಿದ್ದರೆ ಮಾಮೂಲು ಎನ್ನುತ್ತಾರೆ.

ತಾಮ್ರ ತಡೆಯಲು ಅಂತ ದಯವಿಟ್ಟು ಸುಮ್ನೆ ಜಿಂಕ್ ಮಾತ್ರೆ ಕೊಡಬೇಡಿ. ಜಿಂಕ್ ಜಾಸ್ತಿಯಾದರೆ ವಾಂತಿಯಾಗುತ್ತದೆ, ಕೆಂಪು ರಕ್ತಕಣಗಳೂ ಒಡೆಯುತ್ತವೆ. ಬೆಳೆಯುವ ಮರಿಗೆ ತಾಮ್ರ ಬೇಕೇ ಬೇಕು, ಪೂರ್ತಿ ಕತ್ತರಿಸಿದರೆ ರಕ್ತಹೀನತೆ ಬಂದೀತು. ಎಟಿಪಿ7ಬಿ ಬದಲಾವಣೆ ಇದ್ದರೆ ಮಾತ್ರ ದನದ, ಕುರಿಯ ಲಿವರ್ ತಿನಿಸು ನಿಲ್ಲಿಸಿ. ಕೋಳಿ ಲಿವರಿನಲ್ಲಿ ತಾಮ್ರ ಬಹಳ ಕಡಿಮೆ.

ಇನ್ನು ಬ್ರೀಡಿಂಗ್ ಮಾಡುವವರಿಗೊಂದು ಮಾತು. ಎಟಿಪಿ7ಎ ಬದಲಾವಣೆ ಇದೆ ಅನ್ನೋ ಕಾರಣಕ್ಕೆ ಯಾವ ನಾಯಿಯನ್ನೂ ಹೊರಗಿಡಬೇಡಿ. ಎಟಿಪಿ7ಬಿ ಸಾಲಿನ ಫೋಟೋ ಹಾಕಿ, ಒಟ್ಟಿಗೆ ನೋಡೋಣ.