ಓದುಗರ ಪ್ರಶ್ನೆ, ನಮ್ಮ ಉತ್ತರ: ಹೊಸ ಕಂಪ್ಯೂಟರಿನಲ್ಲಿ ಹಳೆಯ ವಂಶಾವಳಿ ತಂತ್ರಾಂಶ

ಪ್ರಶ್ನೆ: ಬಹಳ ವರ್ಷಗಳ ಹಿಂದೆ ಸಿ.ಡಿ.ಯಲ್ಲಿ ಕೊಂಡ ವಂಶಾವಳಿ ತಂತ್ರಾಂಶವೊಂದರಲ್ಲಿ ನಮ್ಮ ಮನೆತನದ ಆರು ತಲೆಮಾರುಗಳ ವಿವರವನ್ನು ದಾಖಲಿಸಿದ್ದೆ. ವಿಂಡೋಸ್ ಎಕ್ಸ್‌ಪಿ ಇದ್ದ ಆ ಕಂಪ್ಯೂಟರ್ ಈಗ ಕೆಟ್ಟಿದೆ. ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪಿನಲ್ಲಿ ಸೆಟಪ್ ಒತ್ತಿದರೆ, ಈ ಆ್ಯಪ್ ನಿಮ್ಮ ಪಿ.ಸಿ.ಯಲ್ಲಿ ನಡೆಯುವುದಿಲ್ಲ ಎಂಬ ಸಂದೇಶವಷ್ಟೇ ಬರುತ್ತದೆ. ಕಂಪಾಟಿಬಿಲಿಟಿ ಮೋಡ್ ಹಾಕಿದರೂ ಪ್ರಯೋಜನವಾಗಲಿಲ್ಲ. ಮುಂದೇನು ಮಾಡಬೇಕು?

ಉತ್ತರ: ಮೊದಲು ಸಿ.ಡಿ.ಯಲ್ಲಿರುವುದನ್ನೆಲ್ಲ ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಂಡು, ಅಲ್ಲಿಂದ ಸೆಟಪ್ ನಡೆಸಿ ನೋಡಿ. ಗೀರು ಬಿದ್ದ ಸಿ.ಡಿ.ಯಿಂದ ಅರೆಬರೆಯಾಗಿ ಓದಿದ ಫೈಲಿಗೂ ಇದೇ ಸಂದೇಶ ಬರುವುದುಂಟು. ನಕಲು ಸರಿಯಾಗಿ ಆಗಿಯೂ ಸಂದೇಶ ಬದಲಾಗದಿದ್ದರೆ, ಆ ಸೆಟಪ್ 16 ಬಿಟ್‌ನದು ಎಂದು ಹೆಚ್ಚುಕಡಿಮೆ ತೀರ್ಮಾನಿಸಬಹುದು (ಪ್ರೋಗ್ರಾಮು ಒಮ್ಮೆಗೆ ನಿಭಾಯಿಸುವ ಮಾಹಿತಿಯ ಅಳತೆ ಬಿಟ್; 16 ಬಿಟ್ ತೀರ ಹಳೆಯದು, 64 ಬಿಟ್ ಇಂದಿನದು). 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಮುಗಳನ್ನು ನಡೆಸುವುದಿಲ್ಲ. ವಿಂಡೋಸ್ 10ರವರೆಗೆ 32 ಬಿಟ್ ಆವೃತ್ತಿಯೂ ಇದ್ದುದರಿಂದ ಹಲವರ ಕೆಲಸ ಹೇಗೋ ಸಾಗುತ್ತಿತ್ತು. ವಿಂಡೋಸ್ 11 ಇರುವುದು 64 ಬಿಟ್‌ನಲ್ಲಿ ಮಾತ್ರ. ಕಂಪಾಟಿಬಿಲಿಟಿ ಮೋಡ್, ಪ್ರೋಗ್ರಾಮಿಗೆ ತಾನು ಎಕ್ಸ್‌ಪಿಯಲ್ಲೇ ಇದ್ದೇನೆಂದು ನಂಬಿಸಿ ಹಳೆಯ ಕೆಲವು ನಡವಳಿಕೆಗಳನ್ನು ಅನುಕರಿಸುತ್ತದೆಯೇ ಹೊರತು, ವಿಂಡೋಸಿನಲ್ಲಿ ಇಲ್ಲದ ಸಾಮರ್ಥ್ಯವನ್ನು ತಂದುಕೊಡಲಾರದು.

ಇಲ್ಲೊಂದು ವಿಚಿತ್ರವಿದೆ. 1990ರ ದಶಕದ ಕೊನೆಯ ಎಷ್ಟೋ ತಂತ್ರಾಂಶಗಳು ಸ್ವತಃ 32 ಬಿಟ್‌ನವಾಗಿದ್ದರೂ ಅವನ್ನು ಅಳವಡಿಸುವ ಸೆಟಪ್ ಮಾತ್ರ 16 ಬಿಟ್‌ನದಾಗಿರುತ್ತಿತ್ತು. ಆದ್ದರಿಂದ ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಹೊರತೆಗೆದು ಯು.ಎಸ್.ಬಿ. ಅಡಾಪ್ಟರಿನ ಮೂಲಕ ಹೊಸ ಲ್ಯಾಪ್‌ಟಾಪಿಗೆ ಜೋಡಿಸಿ, ತಂತ್ರಾಂಶ ಅಳವಟ್ಟಿದ್ದ ಇಡೀ ಫೋಲ್ಡರನ್ನು ನಕಲು ಮಾಡಿಕೊಂಡು ಅದರ ಮುಖ್ಯ ಫೈಲನ್ನು ನೇರವಾಗಿ ತೆರೆದರೆ, ಸೆಟಪ್‌ನ ಗೊಡವೆಯೇ ಇಲ್ಲದೆ ಕೆಲವು ತಂತ್ರಾಂಶಗಳು ನಡೆಯುತ್ತವೆ. ಕಂಪ್ಯೂಟರ್ ಕೆಟ್ಟ ಮಾತ್ರಕ್ಕೆ ಡಿಸ್ಕೂ ಕೆಟ್ಟಿರಬೇಕೆಂದಿಲ್ಲ. ಡಿಸ್ಕ್ ತೆರೆದುಕೊಂಡರೆ, ಬೇರೆ ಯಾವ ಪ್ರಯೋಗಕ್ಕೂ ಮುನ್ನ ವಂಶಾವಳಿಯ ಫೈಲಿನ ಎರಡು ಪ್ರತಿಗಳನ್ನು ಬೇರೆ ಬೇರೆ ಕಡೆ ಇರಿಸಿಕೊಳ್ಳಿ. ಹೊಸ ಆವೃತ್ತಿಗಳು ಹಳೆಯ ಫೈಲನ್ನು ತೆರೆಯುವಾಗಲೇ ತಮ್ಮ ರೂಪಕ್ಕೆ ಪರಿವರ್ತಿಸಿಬಿಡುವುದುಂಟು; ಆಮೇಲೆ ಅದನ್ನು ಹಿಂದಿನ ಆವೃತ್ತಿಯಲ್ಲಿ ತೆರೆಯಲಾಗದು.

ಇದೂ ಫಲಿಸದಿದ್ದರೆ ವರ್ಚುವಲ್ ಮಷೀನ್, ಅಂದರೆ ನಿಮ್ಮ ಕಂಪ್ಯೂಟರಿನೊಳಗೇ ತಂತ್ರಾಂಶದಿಂದ ರೂಪಿಸಿದ ಇನ್ನೊಂದು ಕಂಪ್ಯೂಟರಿನ ದಾರಿಯಿದೆ. ವರ್ಚುವಲ್‌ಬಾಕ್ಸ್‌ನಂತಹ ತಂತ್ರಾಂಶದೊಳಗೆ, ನಿಮ್ಮ ಬಳಿ ಪರವಾನಗಿ ಇರುವ 32 ಬಿಟ್ ವಿಂಡೋಸನ್ನು ಅಳವಡಿಸಿ, ಅದಕ್ಕೆ ಇಂಟರ್‌ನೆಟ್ ಸಂಪರ್ಕ ಕೊಡದೆ, ಅದರೊಳಗೆ ನಿಮ್ಮ ಸಿ.ಡಿ.ಯ ಸೆಟಪ್ ನಡೆಸಿ. ಆದರೆ ಅಲ್ಲಿಯೇ ಮನೆ ಮಾಡಿಕೊಂಡು ಇರಬೇಡಿ ಎಂಬುದು ನನ್ನ ಸಲಹೆ. ತೆರೆದ ಕೂಡಲೇ ಎಕ್ಸ್‌ಪೋರ್ಟ್ ಆಯ್ಕೆಯಿಂದ ಜೆಡ್‌ಕಾಮ್ ಫೈಲೊಂದನ್ನು ತೆಗೆದುಕೊಳ್ಳಿ. 1984ರಲ್ಲಿ ಹುಟ್ಟಿದ ಈ ವಿನಿಮಯ ರೂಪವನ್ನು ಗ್ರ್ಯಾಂಪ್ಸ್‌ನಂತಹ ಉಚಿತ ತಂತ್ರಾಂಶಗಳೂ ಸೇರಿದಂತೆ ಇಂದಿನ ಬಹುತೇಕ ಎಲ್ಲ ವಂಶಾವಳಿ ತಂತ್ರಾಂಶಗಳು ಓದುತ್ತವೆ. ಅಕ್ಷರ ಸಂಕೇತವನ್ನು, ಅಂದರೆ ಅಕ್ಷರಗಳನ್ನು ಫೈಲಿನಲ್ಲಿ ದಾಖಲಿಸುವ ಕ್ರಮವನ್ನು, ಆರಿಸುವ ಅವಕಾಶವಿದ್ದರೆ ಹಳೆಯ ಆನ್ಸೆಲ್ ಬದಲು ಇಂದು ಎಲ್ಲೆಡೆ ಬಳಕೆಯಲ್ಲಿರುವ ಯು.ಟಿ.ಎಫ್.-8 ಆರಿಸಿ, ಇಲ್ಲವಾದರೆ ಹೆಸರುಗಳಲ್ಲಿನ ವಿಶೇಷ ಚಿಹ್ನೆಗಳು ಕಲಸಿಹೋಗಬಹುದು. ಸಾಮಾನ್ಯ ಜೆಡ್‌ಕಾಮ್ ಫೈಲಿನಲ್ಲಿ ಭಾವಚಿತ್ರಗಳು ಬರುವುದಿಲ್ಲ, ಅವು ಇರುವ ಜಾಗದ ವಿಳಾಸವಷ್ಟೇ ಬರುತ್ತದೆ; ಚಿತ್ರಗಳ ಫೋಲ್ಡರನ್ನು ಪ್ರತ್ಯೇಕವಾಗಿ ನಕಲು ಮಾಡಿಕೊಳ್ಳಬೇಕು.

ಪ್ರಶ್ನೆ: ನನ್ನ ಹಳೆಯ ತಂತ್ರಾಂಶದ ಸೆಟಪ್ ಆರಂಭವೇನೋ ಆಗುತ್ತದೆ, ಆದರೆ ಡಿಸ್ಕಿನಲ್ಲಿ ಸಾಕಷ್ಟು ಜಾಗವಿಲ್ಲ ಎಂದು ಹೇಳಿ ನಿಂತುಬಿಡುತ್ತದೆ. ನಾನೂರು ಜಿ.ಬಿ. ಖಾಲಿ ಇರುವಾಗ ಇದು ಹೇಗೆ ಸಾಧ್ಯ?

ಉತ್ತರ: ಜಾಗ ಹೆಚ್ಚಾದದ್ದೇ ಇಲ್ಲಿನ ತೊಂದರೆ. ಕೆಲವು ಹಳೆಯ ಪ್ರೋಗ್ರಾಮುಗಳು ಖಾಲಿ ಜಾಗದ ಲೆಕ್ಕವನ್ನು 32 ಬಿಟ್ ಸಂಖ್ಯೆಯಲ್ಲಿ ಇಟ್ಟುಕೊಳ್ಳುತ್ತವೆ. ಅದರಲ್ಲಿ 4 ಜಿ.ಬಿ.ಗಿಂತ ದೊಡ್ಡ ಮೊತ್ತ ಹಿಡಿಸುವುದಿಲ್ಲವಾದ್ದರಿಂದ, ಅವಕ್ಕೆ ಕಾಣುವುದು ಒಟ್ಟು ಜಾಗವನ್ನು 4 ಜಿ.ಬಿ.ಯಿಂದ ಭಾಗಿಸಿದಾಗ ಬರುವ ಶೇಷ ಮಾತ್ರ. ಖಾಲಿ ಜಾಗ 400 ಜಿ.ಬಿ. ಮತ್ತು 10 ಎಂ.ಬಿ. ಇದೆಯೆನ್ನಿ, 400ನ್ನು ನಾಲ್ಕು ನಿಶ್ಶೇಷವಾಗಿ ಭಾಗಿಸುತ್ತದೆ, ಸೆಟಪ್‌ಗೆ ಕಾಣುವುದು ಬರೀ 10 ಎಂ.ಬಿ. ಮಾಹಿತಿಯನ್ನು ಸಂಗ್ರಹಿಸಲು ಬೋರ್ಲೆಂಡ್ ಡೇಟಾಬೇಸ್ ಎಂಜಿನ್ ಎಂಬ ಹಳೆಯ ಘಟಕವನ್ನು ಬಳಸುತ್ತಿದ್ದ ತಂತ್ರಾಂಶಗಳಲ್ಲಿ ಈ ದೋಷ ಹೆಸರುವಾಸಿ. ಪರಿಹಾರ ಸರಳವಾಗಿದೆ, ನಗು ತರಿಸುವಷ್ಟು: ಅದೇ ಡ್ರೈವಿಗೆ 3 ಜಿ.ಬಿ.ಯಷ್ಟು ಯಾವುದಾದರೂ ಫೈಲುಗಳನ್ನು ತುಂಬಿ. ಆಗ ಉಳಿಯುವುದು 397 ಜಿ.ಬಿ. ಮತ್ತು 10 ಎಂ.ಬಿ.; ಶೇಷ 1 ಜಿ.ಬಿ.ಗೆ ಏರುತ್ತದೆ, ಸೆಟಪ್ ಮುಂದುವರಿಯುತ್ತದೆ. ಶೇಷವನ್ನು 2 ಜಿ.ಬಿ.ಯ ಒಳಗೇ ಇರಿಸಿ, ಏಕೆಂದರೆ ಕೆಲವು ಪ್ರೋಗ್ರಾಮುಗಳು ಅದಕ್ಕಿಂತ ಹೆಚ್ಚಿನದನ್ನು ಋಣ ಸಂಖ್ಯೆಯೆಂದು ಓದುತ್ತವೆ.

ಪ್ರಶ್ನೆ: ತಂತ್ರಾಂಶ ಸರಿಯಾಗಿಯೇ ಅಳವಟ್ಟಿತು. ಆದರೆ ನಿನ್ನೆ ಸೇರಿಸಿದ ಹೆಸರುಗಳು, ಇಂದು ಅಡ್ಮಿನಿಸ್ಟ್ರೇಟರ್ ಆಗಿ ತೆರೆದಾಗ ಕಾಣಿಸುತ್ತಿಲ್ಲ. ಅಳಿಸಿಹೋದವೇ?

ಉತ್ತರ: ಅಳಿಸಿಹೋಗಿಲ್ಲ, ಬೇರೆಡೆ ಕುಳಿತಿರುವ ಸಂಭವವೇ ಹೆಚ್ಚು. ಹಳೆಯ ತಂತ್ರಾಂಶಗಳು ಮಾಹಿತಿಯ ಫೈಲನ್ನು ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲೇ ಬರೆಯುತ್ತಿದ್ದವು. ವಿಂಡೋಸ್ ವಿಸ್ತಾದಿಂದೀಚೆಗೆ ಸಾಮಾನ್ಯ ಬಳಕೆದಾರರಿಗೆ ಅಲ್ಲಿ ಬರೆಯುವ ಅನುಮತಿಯಿಲ್ಲ; ಹಾಗೆಂದು ಹಳೆಯ ಪ್ರೋಗ್ರಾಮು ಮುರಿದುಬೀಳಬಾರದೆಂದು ವಿಂಡೋಸ್ ಆ ಬರಹವನ್ನು ಸದ್ದಿಲ್ಲದೆ ಬಳಕೆದಾರರ ಆ್ಯಪ್‌ಡೇಟಾ ಫೋಲ್ಡರಿನೊಳಗಿನ ಲೋಕಲ್ ಎಂಬಲ್ಲಿರುವ ವರ್ಚುವಲ್‌ಸ್ಟೋರ್‌ಗೆ ತಿರುಗಿಸುತ್ತದೆ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದಾಗ ಈ ತಿರುವು ಇರುವುದಿಲ್ಲ, ಆದ್ದರಿಂದ ನಿಮಗೆ ಕಂಡದ್ದು ಮೂಲ ಜಾಗದ ಹಳೆಯ ಪ್ರತಿ. ಆ್ಯಪ್‌ಡೇಟಾ ಮರೆಯಲ್ಲಿರುವ ಫೋಲ್ಡರ್. ಫೈಲ್ ಎಕ್ಸ್‌ಪ್ಲೋರರಿನಲ್ಲಿ ಹಿಡನ್ ಐಟಮ್ಸ್ ಆಯ್ಕೆಯನ್ನು ಗುರುತಿಸಿದರೆ ಕಾಣುತ್ತದೆ. ಅಲ್ಲಿನ ಫೈಲನ್ನು ಡಾಕ್ಯುಮೆಂಟ್ಸ್‌ಗೆ ನಕಲು ಮಾಡಿ, ಇನ್ನು ಮುಂದೆ ಅಲ್ಲಿಂದಲೇ ತೆರೆಯಿರಿ. ಎರಡೂ ಕಡೆ ಹೆಸರುಗಳನ್ನು ಸೇರಿಸಿದ್ದರೆ ಎರಡು ಪ್ರತಿಗಳನ್ನೂ ಇಟ್ಟುಕೊಂಡು ಕೈಯಾರೆ ಹೋಲಿಸಬೇಕಾಗುತ್ತದೆ.

ಪ್ರಶ್ನೆ: ಡಾಟ್ ನೆಟ್ 3.5 ಬೇಕೆಂದು ಸೆಟಪ್ ಕೇಳುತ್ತಿದೆ. ಇನ್ನೊಂದು ತಂತ್ರಾಂಶ ಯಾವುದೋ ಡಿ.ಎಲ್.ಎಲ್. ಫೈಲು ಇಲ್ಲವೆನ್ನುತ್ತದೆ. ಇವನ್ನು ಎಲ್ಲಿಂದ ತರಲಿ?

ಉತ್ತರ: ಇವೆರಡೂ ಪ್ರೋಗ್ರಾಮುಗಳು ನಡೆಯಲು ಬೇಕಾದ ಪೂರಕ ಭಾಗಗಳು: ಡಾಟ್ ನೆಟ್ ಮೈಕ್ರೋಸಾಫ್ಟ್‌ನದು, ಡಿ.ಎಲ್.ಎಲ್. ಎಂದರೆ ಪ್ರೋಗ್ರಾಮು ಬಳಸಿಕೊಳ್ಳುವ ಸಿದ್ಧ ಸಂಕೇತಗಳ ಫೈಲು. ಮೊದಲನೆಯದಕ್ಕಾಗಿ ಕಂಟ್ರೋಲ್ ಪ್ಯಾನೆಲಿನಲ್ಲಿ ವಿಂಡೋಸ್ ಫೀಚರ್‌ಗಳನ್ನು ಆನ್ ಅಥವಾ ಆಫ್ ಮಾಡುವ ಪಟ್ಟಿಯನ್ನು ನೋಡಿ, ಡಾಟ್ ನೆಟ್ ಫ್ರೇಮ್‌ವರ್ಕ್ 3.5 ಅಲ್ಲಿದ್ದರೆ ಗುರುತು ಹಾಕಿದರೆ ಸಾಕು. ಅದರಲ್ಲಿ 2.0 ಮತ್ತು 3.0 ಕೂಡ ಸೇರಿರುತ್ತವೆ. ಡಿ.ಎಲ್.ಎಲ್.ಗಳನ್ನು ಬಿಡಿಬಿಡಿಯಾಗಿ ಹಂಚುವ ಅಪರಿಚಿತ ಜಾಲತಾಣಗಳ ಕಡೆ ತಲೆಹಾಕಬೇಡಿ, ವೈರಸ್ ಹೊತ್ತು ಬರುವ ಫೈಲುಗಳು ಅಲ್ಲಿ ಸಾಮಾನ್ಯ. ಕಾಣೆಯಾದ ಫೈಲು ತಂತ್ರಾಂಶದ ಮೂಲ ಸಿ.ಡಿ.ಯಲ್ಲೇ ಇರಬಹುದು, ಅದು ಮೈಕ್ರೋಸಾಫ್ಟ್‌ನ ಪ್ರೋಗ್ರಾಮು ಬರೆಯುವ ಸಾಧನವಾದ ವಿಷುವಲ್ ಸಿ++ಗೆ ಸೇರಿದ್ದಾದರೆ ಮೈಕ್ರೋಸಾಫ್ಟ್ ತಾನೇ ನೀಡುವ ರೀಡಿಸ್ಟ್ರಿಬ್ಯೂಟಬಲ್ ಪ್ಯಾಕೇಜನ್ನು ಅಳವಡಿಸಿ. ನಿಮ್ಮ ವಿಂಡೋಸ್ 64 ಬಿಟ್‌ನದಾಗಿದ್ದರೂ, ಹಳೆಯ ತಂತ್ರಾಂಶ 32 ಬಿಟ್‌ನದಾದ್ದರಿಂದ ಪ್ಯಾಕೇಜೂ 32 ಬಿಟ್‌ನದೇ ಆಗಿರಬೇಕು.