ಕಾನ್ವೆಂಟ್‌ನ ಒಂದನೇ ಕ್ಲಾಸಿನಲ್ಲಿ ಏನು ಕಲಿಸುತ್ತಾರೆ, ಬೈಬಲ್ ಓದಿಸುತ್ತಾರಾ?

ಸೇಡಂ ಕಡೆಯವರು ಅಂತ ಬರೆದಿದ್ದೀರಿ. ಮಗಳನ್ನು ಜೂನ್‌ನಲ್ಲಿ ಕಲಬುರಗಿಯ ಕ್ಯಾಥೊಲಿಕ್ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಹಾಕುವ ಯೋಚನೆ, ಆದರೆ ಮನೆಯಲ್ಲಿ ಅಜ್ಜಿಗೆ ಬೈಬಲ್ ಓದಿಸ್ತಾರೇನೋ ಅಂತ ಅಂಜಿಕೆ. ನಾನು ಇಲ್ಲೇ ಸಿಸ್ಟರ್‌ಗಳು ನಡೆಸುವ ಒಂದು ಶಾಲೆಯಲ್ಲಿ ಒಂದು ಮತ್ತು ಎರಡನೇ ಕ್ಲಾಸಿಗೆ ಪಾಠ ಮಾಡುತ್ತೇನೆ. ಕ್ರಿಶ್ಚಿಯನ್ ಅಲ್ಲ, ಲಿಂಗಾಯತರ ಮನೆಯವಳು. ಶ್ರಾವಣದಲ್ಲಿ ಶರಣಬಸಪ್ಪನ ಗುಡಿಗೆ ಹೋಗಿ ವಿಭೂತಿ ಹಚ್ಚಿಕೊಂಡೇ ಶಾಲೆಗೆ ಬರುತ್ತೇನೆ, ಯಾರೂ ಏನೂ ಅಂದಿಲ್ಲ. ನೇರವಾಗಿ ಹೇಳುತ್ತೇನೆ: ಬೈಬಲ್ ಚಿಂತೆ ಬಿಡಿ. ಚಿಂತೆ ಮಾಡುವುದಿದ್ದರೆ ಕನ್ನಡದ್ದು ಮಾಡಿ.

ಮೊದಲು ಅಜ್ಜಿಯ ಪ್ರಶ್ನೆ ಮುಗಿಸೋಣ. ಬೆಳಿಗ್ಗೆ ಅಸೆಂಬ್ಲಿಯಲ್ಲಿ ಒಂದು ಪ್ರಾರ್ಥನೆ ಇರುತ್ತದೆ, ಆಮೇಲೆ ನಾಡಗೀತೆ, ರಾಷ್ಟ್ರಗೀತೆ. ಊಟದ ಡಬ್ಬಿ ತೆಗೆಯುವ ಮೊದಲು ಕಣ್ಣು ಮುಚ್ಚಿ ಎರಡು ಸಾಲು ಹೇಳಿಸುತ್ತೇವೆ. ಮಕ್ಕಳು ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ಪಕ್ಕದವರ ಡಬ್ಬಿಯಲ್ಲಿ ಏನಿದೆ ಅಂತ ನೋಡುತ್ತಿರುತ್ತಾರೆ, ಅದು ಬೇರೆ ಮಾತು. ನಿಮ್ಮ ಮಗಳು ಇದನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದು ದೇವರ ಜಗುಲಿ ಮುಂದೆ ನಿಂತು ಹೇಳಿದರೆ ಗಾಬರಿ ಆಗಬೇಡಿ, ಈ ವಯಸ್ಸಿನವರು ವಚನವನ್ನೂ ಟಿವಿ ಜಾಹೀರಾತನ್ನೂ ಅಷ್ಟೇ ಭಕ್ತಿಯಿಂದ ಹೇಳುತ್ತಾರೆ. ಕಾನೂನೂ ನಿಮ್ಮ ಕಡೆಗೇ ಇದೆ. ಅಲ್ಪಸಂಖ್ಯಾತರಿಗೆ ತಮ್ಮದೇ ಶಾಲೆ ನಡೆಸುವ ಹಕ್ಕು ಸಂವಿಧಾನದ 30ನೇ ವಿಧಿಯಲ್ಲಿದೆ, ಸರಿ. ಆದರೆ ಸರ್ಕಾರದ ಮಾನ್ಯತೆ ಇರುವ ಶಾಲೆಯಲ್ಲಿ ತಂದೆತಾಯಿ ಒಪ್ಪದೆ ಮಗುವನ್ನು ಧರ್ಮದ ಪಾಠಕ್ಕೆ ಕೂರಿಸುವಂತಿಲ್ಲ ಅಂತ 28ನೇ ವಿಧಿ ಹೇಳುತ್ತದೆ. ಅದಕ್ಕೇ ವಾರದಲ್ಲಿ ಆ ಪೀರಿಯಡ್ ಬಂದಾಗ ಕ್ಯಾಥೊಲಿಕ್ ಮಕ್ಕಳು ಸಿಸ್ಟರ್ ಹತ್ತಿರ ಕ್ಯಾಟೆಕಿಸಂಗೆ, ಅಂದರೆ ತಮ್ಮ ಧರ್ಮದ ಪಾಠಕ್ಕೆ, ಎದ್ದು ಹೋಗುತ್ತಾರೆ, ಉಳಿದವರಿಗೆ ಮಾರಲ್ ಸೈನ್ಸ್.

ಮಾರಲ್ ಸೈನ್ಸ್ ಅಂದರೆ ಕಥೆ. ಸುಳ್ಳು ಹೇಳಬಾರದು, ಹಂಚಿಕೊಂಡು ತಿನ್ನಬೇಕು, ಇಂಥವು. ಯೇಸು ಹೇಳಿದ ಕಥೆಗಳೂ ನಡುವೆ ಬರುತ್ತವೆ, ಪಂಚತಂತ್ರವೂ ಬರುತ್ತದೆ. ಒಮ್ಮೆ ಕಳೆದುಹೋದ ಕುರಿಯ ಕಥೆ ಹೇಳುತ್ತಿದ್ದೆ. ಕುರುಬನ ಹತ್ತಿರ 100 ಕುರಿ, ಒಂದು ತಪ್ಪಿಸಿಕೊಂಡಿತು, 99 ಬಿಟ್ಟು ಅದೊಂದನ್ನು ಹುಡುಕಿಕೊಂಡು ಹೋದ. ಜೇವರ್ಗಿ ಕಡೆಯ ಹುಡುಗ ಒಬ್ಬ ಎದ್ದು ನಿಂತ. ಅವರ ಮನೆಯಲ್ಲಿ ಕುರಿ ಇವೆ. 'ಮಿಸ್, ಆ 99 ಯಾರು ಕಾಯ್ತಾರ್ರೀ? ತೋಳ ಬಂದ್ರ?' ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನವಳು 'ನಾಯಿ ಇರ್ತದಲೇ' ಅಂದಳು. ಇಬ್ಬರೂ ಬೆಲ್ ಹೊಡೆಯುವ ತನಕ ನಾಯಿ ಒಂದು ಸಾಕಾ ಎರಡು ಬೇಕಾ ಅಂತ ಜಗಳ ಆಡಿದರು. ಧರ್ಮ ಗಿರ್ಮ ಯಾರ ತಲೆಗೂ ಹೋಗಲಿಲ್ಲ ಬಿಡಿ.

ಕ್ಯಾಥೊಲಿಕ್ ಮಕ್ಕಳು ಏನು ಕಲಿಯುತ್ತಾರೆ ಅಂತಲೂ ಕೇಳಿದ್ದೀರಿ. ಅವರು ಕ್ಲಾಸಿಗೆ ಬೆರಳೆಣಿಕೆಯಷ್ಟು. ನಮ್ಮ ಕಲಬುರಗಿ, ಬೀದರ್ ಕಡೆ ಕ್ರೈಸ್ತರಲ್ಲೂ ಮೆಥೊಡಿಸ್ಟರೇ (ಪ್ರಾಟೆಸ್ಟಂಟರಲ್ಲಿ ಒಂದು ಪಂಗಡ) ಜಾಸ್ತಿ, ಕಲಬುರಗಿಗೆ ಬೇರೆ ಕ್ಯಾಥೊಲಿಕ್ ಧರ್ಮಕ್ಷೇತ್ರ, ಅಂದರೆ ಒಬ್ಬ ಬಿಷಪ್ ನೋಡಿಕೊಳ್ಳುವ ಪ್ರದೇಶ, ಆದದ್ದೇ 2005ರಲ್ಲಿ. ಒಂದನೇ ಕ್ಲಾಸಿನಲ್ಲಿ ಅವರಿಗೆ ಶಿಲುಬೆಯ ಗುರುತು ಹಾಕುವುದು, ಪರಲೋಕ ಮಂತ್ರ, ನಮೋ ಮರಿಯಾ ಅನ್ನುವ ಪ್ರಾರ್ಥನೆಗಳು, ದೇವರು ಲೋಕ ಸೃಷ್ಟಿ ಮಾಡಿದ ಕಥೆ, ಯೇಸು ಹುಟ್ಟಿದ ಕಥೆ, ಇಷ್ಟು. ದೊಡ್ಡದು ಅಂದರೆ ಮೊದಲ ಪರಮ ಪ್ರಸಾದ, ಚರ್ಚಿನ ಪೂಜೆಯಲ್ಲಿ ಮಗು ಮೊದಲ ಸಲ ಪವಿತ್ರ ರೊಟ್ಟಿ ತೆಗೆದುಕೊಳ್ಳುವುದು. ಮಗುವಿಗೆ ಸುಮಾರು 7 ವರ್ಷ ಆಗಿ ಬುದ್ಧಿ ತಿಳಿದರೆ ಕೊಡಬಹುದು ಅಂತ 1910ರಲ್ಲಿ ಪೋಪ್ ಹತ್ತನೇ ಪಯಸ್ ಹೇಳಿದ್ದು, ನಮ್ಮಲ್ಲಿ ಅದು ಮೂರು ನಾಲ್ಕನೇ ಕ್ಲಾಸಿಗೆ ಬರುತ್ತದೆ, ಅದೂ ಚರ್ಚಿನಲ್ಲಿ. ನಿಮ್ಮ ಮಗಳಿಗೆ ಇದ್ಯಾವುದೂ ಇಲ್ಲ. ಹಾಂ, ಡಿಸೆಂಬರ್‌ನಲ್ಲಿ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಮಾಡುವಾಗ ಹುಲ್ಲು ತರಲು, ಮಣ್ಣು ಕಲಸಲು ಎಲ್ಲರೂ ಓಡುತ್ತಾರೆ. ಕ್ರಿಸ್‌ಮಸ್ ನಾಟಕದಲ್ಲಿ ಅವಳಿಗೆ ದೇವದೂತೆಯ ಪಾರ್ಟು ಸಿಕ್ಕರೆ ಅಜ್ಜಿಗೆ ಮೊದಲೇ ಹೇಳಿಡಿ, ಬಿಳಿ ಫ್ರಾಕ್ ಹೊಲಿಸಬೇಕಾಗುತ್ತದೆ.

ಇನ್ನು ವರ್ಷದ ಬಹುಪಾಲು ಎಲ್ಲಿ ಹೋಗುತ್ತದೆ? ಜೂನ್ ಪೂರ್ತಿ ಕೂರುವುದು, ಲೈನ್‌ನಲ್ಲಿ ನಿಲ್ಲುವುದು, ಬಾತ್‌ರೂಮ್‌ಗೆ ಕೇಳಿ ಹೋಗುವುದು. ಸೋಮವಾರ ಸಿಸ್ಟರ್ ಉಗುರು ನೋಡುತ್ತಾರೆ. ಆಮೇಲೆ ನಾಲ್ಕು ಗೆರೆ ನೋಟ್‌ಬುಕ್. ಈ ನಾಲ್ಕು ಗೆರೆ ಇದೆಯಲ್ಲ, ಅದರ ಮೇಲೆ ಕಾನ್ವೆಂಟ್‌ನವರಿಗೆ ಬಲು ಪ್ರೀತಿ. ಇಂಗ್ಲಿಷಿನ ಸಣ್ಣ 'ಬಿ'ಗೆ ಹೊಟ್ಟೆ ಬಲಕ್ಕೆ, 'ಡಿ'ಗೆ ಎಡಕ್ಕೆ. ದಸರಾ ರಜೆ ಮುಗಿದರೂ ಅರ್ಧ ಕ್ಲಾಸು ಅದನ್ನು ತಿರುವು ಮುರುವು ಬರೆಯುತ್ತದೆ, ಅದು ಸಹಜ, ಬೈಯಬೇಡಿ. ಲೆಕ್ಕ 100ರ ತನಕ, ಸಣ್ಣ ಕೂಡುವುದು, ಕಳೆಯುವುದು. ಹತ್ತರ ಗುಂಪು ಕಲಿಸಲು ನಾನು ತೊಗರಿ ಕಾಳು ತರಿಸುತ್ತೇನೆ, ಹತ್ತತ್ತು ಕಾಳು ಕಾಗದದ ಪೊಟ್ಟಣದಲ್ಲಿ ಕಟ್ಟಿಡುತ್ತೇವೆ, 23 ಅಂದರೆ ಎರಡು ಪೊಟ್ಟಣ, ಮೂರು ಬಿಡಿ ಕಾಳು. ಯಾರ ಮೂಗಿಗೂ ಹೋಗದ ಹಾಗೆ ನೋಡಿಕೊಳ್ಳುವುದೇ ದೊಡ್ಡ ಕೆಲಸ. ಪರಿಸರ ಪಾಠದಲ್ಲಿ ಮನೆ, ನೀರು, ಮೈ ಕೈ ಶುಚಿ. ಧ್ವಜ ಹಾರಿಸುವುದಂತೂ ನಮ್ಮ ಮಕ್ಕಳಿಗೆ ಒಂದು ಜಾಸ್ತಿ, ಸೆಪ್ಟೆಂಬರ್ 17 ಇದೆಯಲ್ಲ. 1948ರಲ್ಲಿ ಅದೇ ದಿನ ನಮ್ಮ ಭಾಗದಲ್ಲಿ ನಿಜಾಮನ ಆಳ್ವಿಕೆ ಮುಗಿದದ್ದು ಆರು ವರ್ಷದವರಿಗೆ ಏನು ತಿಳಿಯುತ್ತದೆ, ಚಾಕೊಲೇಟ್ ಕೊಡುವ ದಿನ ಅಂತ ಗೊತ್ತು. ಬ್ಯಾಗ್ ವಿಷಯ: ಒಂದು, ಎರಡನೇ ಕ್ಲಾಸಿಗೆ ಬ್ಯಾಗ್ 2 ಕೆಜಿ ದಾಟಬಾರದು, ಹೋಮ್‌ವರ್ಕ್ ಕೊಡಬಾರದು ಅಂತ 2019ರಲ್ಲೇ ರಾಜ್ಯ ಸರ್ಕಾರದ ಆದೇಶ ಆಗಿದೆ. ಹೋಮ್‌ವರ್ಕ್ ಕೊಡದಿದ್ದರೆ 'ಫೀಸ್ ಯಾಕೆ ತಗೋತೀರಿ' ಅಂತ ಜಗಳಕ್ಕೆ ಬರುವವರೂ ಪೋಷಕರೇ.

ಈಗ ಕನ್ನಡ. ನನ್ನ ಕ್ಲಾಸಿನಲ್ಲಿ ಮನೆಮಾತು ಕನ್ನಡ ಇರುವವರು, ದಖ್ಖನಿ ಉರ್ದು, ಲಂಬಾಣಿ, ಮರಾಠಿ, ನಿಮ್ಮ ಸೇಡಂ ಕಡೆಯ ತೆಲುಗು, ಎಲ್ಲ ಇದ್ದಾರೆ. ಎಲ್ಲರಿಗೂ ಪಾಠ ಇಂಗ್ಲಿಷಿನಲ್ಲಿ. ಮನೆಯಲ್ಲಿ ಪಟಪಟ ಮಾತಾಡುವ ಮಗು ಕ್ಲಾಸಿನಲ್ಲಿ ದೀಪಾವಳಿಯ ತನಕ ಸುಮ್ನೆ ಕೂರುತ್ತದೆ. ಅದನ್ನು ನೋಡಿ ಕೆಲವು ಶಾಲೆಯವರು ಮನೆಯಲ್ಲೂ ಇಂಗ್ಲಿಷೇ ಮಾತಾಡಿ ಅಂತಾರೆ, ನೀವು ದಯವಿಟ್ಟು ಕೇಳಬೇಡಿ. ಕನ್ನಡ ಭಾಷಾ ಕಲಿಕೆ ಕಾಯ್ದೆ 2015ರಲ್ಲಿ ಬಂದಿದೆ, ಎಲ್ಲ ಶಾಲೆಯಲ್ಲೂ ಕನ್ನಡ ಮೊದಲ ಅಥವಾ ಎರಡನೇ ಭಾಷೆಯಾಗಿ ಇರಲೇಬೇಕು. ಇರುತ್ತದೆ, ಆದರೆ ಎರಡನೇ ಭಾಷೆಯಾಗಿ, ಕಡಿಮೆ ಪೀರಿಯಡ್, ಅದೂ ಮಕ್ಕಳು ಬಿಸಿಲಿಗೆ ತೂಕಡಿಸುವ ಹೊತ್ತಿಗೆ. ಕಾಗುಣಿತ ಹೇಗೋ ಆಗುತ್ತದೆ, ಒತ್ತಕ್ಷರದ ಹತ್ತಿರ ಗಾಡಿ ನಿಲ್ಲುತ್ತದೆ. ಎರಡನೇ ಕ್ಲಾಸಿನ ಜಾಣ ಹುಡುಗಿ, ಇಂಗ್ಲಿಷ್ ಡಿಕ್ಟೇಷನ್‌ನಲ್ಲಿ ಪೂರ್ತಿ ಮಾರ್ಕ್ಸು, 'ಅಮ್ಮ' ಬರಿ ಅಂದರೆ 'ಅಮಮ' ಅಂತ ಬರೆದು ನನ್ನ ಮುಖ ನೋಡುತ್ತಾಳೆ. ಅವಳ ಚಿಕ್ಕಪ್ಪನ ಮಗ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಲಿಕಲಿಯಲ್ಲಿ (ಆಟ, ಚಟುವಟಿಕೆಯಿಂದ ಕಲಿಸುವ ಪದ್ಧತಿ) ಓದುತ್ತಾನೆ, ಬಸ್ಸಿನ ಬೋರ್ಡು ತಾನೇ ಓದಿಕೊಂಡು ಹತ್ತುತ್ತಾನೆ.

ಹಾಗಂತ ಕಾನ್ವೆಂಟ್ ಬೇಡ ಅಂತ ನಾನು ಹೇಳುವುದಿಲ್ಲ. ಶಿಸ್ತು ಚೆನ್ನಾಗಿದೆ, ಸಿಸ್ಟರ್‌ಗಳು ಸುಮ್ಸುಮ್ನೆ ರಜೆ ಹಾಕುವವರಲ್ಲ, ಹೆಣ್ಣುಮಕ್ಕಳನ್ನು ಬಿಟ್ಟು ಬರಲು ಅಂಜಿಕೆ ಇಲ್ಲ. ಆದರೆ ಅಡ್ಮಿಷನ್‌ಗೆ ಹೋದಾಗ ಬೈಬಲ್ ಬಗ್ಗೆ ಕೇಳಿ ಹೊತ್ತು ಕಳೆಯಬೇಡಿ. ವಾರಕ್ಕೆ ಕನ್ನಡ ಎಷ್ಟು ಪೀರಿಯಡ್, ಕಲಿಸುವವರು ಯಾರು, ಕನ್ನಡ ಮಾತಾಡಿದರೆ ದಂಡ ಗಿಂಡ ಇದೆಯಾ ಕೇಳಿ. ಹೋದ ವರ್ಷದ ಒಂದನೇ ಕ್ಲಾಸಿನ ಒಂದು ಕನ್ನಡ ನೋಟ್‌ಬುಕ್ ತೋರಿಸಿ ಅನ್ನಿ. ಬರೀ ಕಪ್ಪು ಹಲಗೆ ನೋಡಿ ನಕಲು ಮಾಡಿದ ಸಾಲುಗಳಿದ್ದರೆ, ಮನೆಯಲ್ಲಿ ದಿನಾ ಸಂಜೆ ಅರ್ಧ ಗಂಟೆ ಕನ್ನಡ ಓದಿಸುವ ಕೆಲಸ ನಿಮ್ಮದೇ. ಮಗು ತಾನಾಗಿ ಬರೆದ ಒಂದೆರಡು ತಪ್ಪು ಸಾಲು, ಮೇಲೆ ಮಿಸ್ ಕೆಂಪು ಪೆನ್ನಿನಲ್ಲಿ ತಿದ್ದಿದ್ದು ಕಂಡರೆ, ಧೈರ್ಯವಾಗಿ ಫೀಸ್ ಕಟ್ಟಿ ಬನ್ನಿ.